1923ರಲ್ಲೂ ನೆರೆ ಬಂದಿತ್ತಲ್ಲವೇ?

(ಭಾಷಣದ ಬರಹ ರೂಪ)



ನೆರೆ ಬಂದಾಗಲೆಲ್ಲ ನಮ್ಮ ಕರಾವಳಿಯಲ್ಲಿ ಒಂದು ಮಾತು ಕೇಳಿಬರುತ್ತದೆ. ಪತ್ರಿಕೆಗಳು ಹವಾಮಾನ ಬದಲಾವಣೆಯ ಕುರಿತು ಬರೆಯುತ್ತವೆ. ಟಿ.ವಿ.ಯಲ್ಲಿ ತಜ್ಞರು ಎಚ್ಚರಿಸುತ್ತಾರೆ. ಆಗ ಚಹಾದಂಗಡಿಯ ಬೆಂಚಿನಲ್ಲಿ ಕುಳಿತ ಹಿರಿಯರೊಬ್ಬರು ಕೇಳುತ್ತಾರೆ: '1923ರಲ್ಲಿ ಇದಕ್ಕಿಂತ ದೊಡ್ಡ ನೆರೆ ಬಂದಿತ್ತಲ್ಲವೇ? ಎಪ್ಪತ್ನಾಲ್ಕರಲ್ಲೂ ಬಂದಿತ್ತಲ್ಲವೇ? ಆಗ ಎಲ್ಲಿತ್ತು ನಿಮ್ಮ ಈ ಹವಾಮಾನ ಬದಲಾವಣೆ?'

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸುಲಭ. ವಿದ್ಯಾವಂತರಲ್ಲಿ ಅನೇಕರು ಹಾಗೆಯೇ ಮಾಡುತ್ತಾರೆ. ಆದರೆ ಆ ಹಿರಿಯರು ಸುಳ್ಳು ಹೇಳುತ್ತಿಲ್ಲ ಎಂಬುದನ್ನು ನಾವು ಮೊದಲು ಒಪ್ಪಿಕೊಳ್ಳಬೇಕು. 1923ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದ್ದು ನಿಜ. ತುಳುವರು ಅದನ್ನು ಮಾರಿಬೊಳ್ಳ ಎಂದು ಕರೆದರು. ಆ ಹೆಸರೇ ಅದರ ಭೀಕರತೆಗೆ ಸಾಕ್ಷಿ. 1974ರ ಜುಲೈಯಲ್ಲಿ ಅದೇ ನದಿ ಮತ್ತೊಮ್ಮೆ ಬಂಟ್ವಾಳದ ಪೇಟೆಗೆ ನುಗ್ಗಿತು. ಇವೆರಡೂ ನಮ್ಮ ಜಿಲ್ಲೆಯ ನೆನಪಿನಲ್ಲಿ ಅಚ್ಚಳಿಯದೆ ಉಳಿದ ಘಟನೆಗಳು.

ನೆರೆಯ ಕೇರಳಕ್ಕೆ ಹೋದರೆ ಇನ್ನೂ ದೊಡ್ಡ ಸಾಕ್ಷ್ಯವಿದೆ. 1924ರ ಜುಲೈಯಲ್ಲಿ, ಅಂದರೆ ಕೊಲ್ಲಂ ವರ್ಷ 1099ರಲ್ಲಿ ಬಂದ ಪ್ರವಾಹವನ್ನು ಮಲೆಯಾಳಿಗಳು ಇಂದಿಗೂ 'ತೊಂಬತ್ತೊಂಬತ್ತರ ಪ್ರವಾಹ' ಎನ್ನುತ್ತಾರೆ. ಸಮುದ್ರದಿಂದ ಸಾವಿರಾರು ಅಡಿ ಎತ್ತರದಲ್ಲಿರುವ ಮುನ್ನಾರ್ ಪಟ್ಟಣವೇ ನೀರಿನಲ್ಲಿ ಮುಳುಗಿತು ಎಂದರೆ ಮಳೆಯ ಅಬ್ಬರವನ್ನು ಊಹಿಸಿಕೊಳ್ಳಿ. ಅಲ್ಲಿ ಚಹಾ ಸಾಗಿಸುತ್ತಿದ್ದ ಕುಂಡಳ ಕಣಿವೆಯ ಪುಟ್ಟ ರೈಲ್ವೆ ಕೊಚ್ಚಿಹೋಯಿತು. ಆ ರೈಲು ಮತ್ತೆಂದೂ ಓಡಲಿಲ್ಲ. ಅದೇ ಜುಲೈಯಲ್ಲಿ ಕಾವೇರಿಯಲ್ಲೂ ಮಹಾ ಪ್ರವಾಹ ಬಂತು. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಕೇಂದ್ರ ಜಲ ಆಯೋಗವು ಅಧ್ಯಯನ ನಡೆಸಿತಲ್ಲ, ಅದು ಕೂಡ ಈ ಮಳೆಯನ್ನು ಹೋಲಿಸಿದ್ದು 1924ರ ಮಳೆಯೊಂದಿಗೇ.

ಹೀಗಿರುವಾಗ ಹಿರಿಯರ ಪ್ರಶ್ನೆಗೆ ಉತ್ತರವೇನು?

ಮೊದಲ ಉತ್ತರ ಇದು: ಪಶ್ಚಿಮ ಘಟ್ಟವೂ ಅರಬ್ಬೀ ಸಮುದ್ರವೂ ನಮ್ಮ ಕಾರ್ಖಾನೆಗಳ ಹೊಗೆಯ ಸಹಾಯವಿಲ್ಲದೆಯೇ ಪ್ರಳಯದಂತಹ ಮಳೆ ಸುರಿಸಬಲ್ಲವು. ಇದನ್ನು ಯಾವ ವಿಜ್ಞಾನಿಯೂ ನಿರಾಕರಿಸಿಲ್ಲ. ಚಿರಾಪುಂಜಿಯಲ್ಲಿ 1860ರ ಆಗಸ್ಟಿನಿಂದ 1861ರ ಜುಲೈವರೆಗಿನ ಹನ್ನೆರಡು ತಿಂಗಳಲ್ಲಿ ಸುರಿದ 26,461 ಮಿಲಿಮೀಟರ್ ಮಳೆ ಇಂದಿಗೂ ಜಾಗತಿಕ ದಾಖಲೆ. ಆಗ ಭಾರತದಲ್ಲಿ ರೈಲು ಓಡಲಾರಂಭಿಸಿ ಹತ್ತು ವರ್ಷವೂ ಆಗಿರಲಿಲ್ಲ. ಆದ್ದರಿಂದ ಒಂದು ದೊಡ್ಡ ಮಳೆಯನ್ನು ತೋರಿಸಿ 'ನೋಡಿ, ಹವಾಮಾನ ಬದಲಾವಣೆ' ಎಂದು ಕೂಗುವುದು ಸರಿಯಲ್ಲ. ಹಾಗೆ ಕೂಗುವ ಟಿ.ವಿ. ನಿರೂಪಕರೇ ಹಿರಿಯರ ಸಂಶಯಕ್ಕೆ ಅರ್ಧ ಕಾರಣ ಎಂದು ನಮಗನ್ನಿಸುತ್ತದೆ.

ಆದರೆ ಪ್ರಶ್ನೆಯಿರುವುದು ನೆರೆ ಬಂದಿತ್ತೋ ಇಲ್ಲವೋ ಎಂಬುದರಲ್ಲಲ್ಲ. ಒಂದು ನೆರೆಗೂ ಇನ್ನೊಂದು ನೆರೆಗೂ ನಡುವೆ ಎಷ್ಟು ಅಂತರವಿತ್ತು? ನೇತ್ರಾವತಿಯ ಆ ಎರಡು ಮಹಾ ನೆರೆಗಳ ನಡುವೆ ಐವತ್ತೊಂದು ವರ್ಷಗಳಿವೆ. ಅಜ್ಜ ಕಂಡದ್ದನ್ನು ಮೊಮ್ಮಗ ಕಂಡ. ಕೇರಳದವರು 1924ಕ್ಕೆ ಹೋಲಿಸಬಹುದಾದ ಇನ್ನೊಂದನ್ನು ಕಾಣಲು ತೊಂಬತ್ತನಾಲ್ಕು ವರ್ಷ ಕಾದರು. ಆದರೆ 2018ರ ಬಳಿಕ? 2019ರ ಆಗಸ್ಟಿನಲ್ಲಿ ಮತ್ತೆ ನೆರೆ, ಮತ್ತೆ ಭೂಕುಸಿತ. ಆ ವರ್ಷವೇ ನಮ್ಮ ಬೆಳಗಾವಿ, ಬಾಗಲಕೋಟೆಗಳು ಮುಳುಗಿದವು. 2018ರಲ್ಲಿ ಕೊಡಗಿನ ಬೆಟ್ಟಗಳು ಜಾರಿದವು. 2020ರಲ್ಲಿ ತಲಕಾವೇರಿಯ ಬೆಟ್ಟವೇ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಅದಾಗಿ ಎರಡೇ ವಾರಗಳಲ್ಲಿ, ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆಗಳು ಮಣ್ಣಿನಡಿ ಸೇರಿದವು. ಇನ್ನೂರಕ್ಕೂ ಹೆಚ್ಚು ಮಂದಿ ಮಲಗಿದಲ್ಲಿಯೇ ಪ್ರಾಣ ಕಳಕೊಂಡರು.

ಇವು ಒಂದೊಂದನ್ನೂ ಬಿಡಿಬಿಡಿಯಾಗಿ ನೋಡಿದರೆ 'ಹಿಂದೆಯೂ ಆಗಿತ್ತು' ಎನ್ನಬಹುದು. ಒಟ್ಟಾಗಿ ನೋಡಿದರೆ? ಅದಕ್ಕೇ ಲೆಕ್ಕ ಬೇಕು, ಬರೇ ನೆನಪು ಸಾಲದು. ಅದೃಷ್ಟವಶಾತ್ ನಮ್ಮ ದೇಶದಲ್ಲಿ ಲೆಕ್ಕವಿದೆ. ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಈ ದೀರ್ಘ ದಾಖಲೆಗಳನ್ನು ಆಧರಿಸಿ ಕೇಂದ್ರ ಸರಕಾರದ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಒಂದು ವರದಿ ಪ್ರಕಟಿಸಿತು. ಅದರ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆಯ ಒಟ್ಟು ಪ್ರಮಾಣ ಸುಮಾರು ಶೇ. 6ರಷ್ಟು ಇಳಿದಿದೆ. ಅದೇ ಅವಧಿಯಲ್ಲಿ ಮಧ್ಯ ಭಾರತದಲ್ಲಿ ಒಂದೇ ದಿನ 150 ಮಿಲಿಮೀಟರ್‌ಗಿಂತ ಹೆಚ್ಚು ಸುರಿಯುವ ಮಳೆಯ ಘಟನೆಗಳು ಸುಮಾರು ಶೇ. 75ರಷ್ಟು ಏರಿವೆ. ವಿಪರ್ಯಾಸ ನೋಡಿ. ಮಳೆ ಕಡಿಮೆಯಾಗಿದೆ, ನೆರೆ ಹೆಚ್ಚಾಗಿದೆ! ರೈತನಿಗೆ ಬೇಕಾದ ಜಿಟಿಜಿಟಿ ಮಳೆ ಹೋಯಿತು, ಅವನ ಗದ್ದೆಯ ಮಣ್ಣನ್ನೇ ಹೊತ್ತೊಯ್ಯುವ ಮಳೆ ಬಂತು.

ಹೀಗೇಕೆ? ಕಾರಣ ಅಷ್ಟೇನೂ ಜಟಿಲವಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಅದು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಬಿಡುವಾಗ ಒಮ್ಮೆಲೇ ಸುರಿಯುತ್ತದೆ. ಆ ಆವಿ ಎಲ್ಲಿಂದ ಬರುತ್ತದೆ? ಸಮುದ್ರದಿಂದ. ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ 1951ರಿಂದ 2015ರ ಅವಧಿಯಲ್ಲಿ ಒಂದು ಡಿಗ್ರಿಯಷ್ಟು ಬಿಸಿಯಾಗಿದೆ ಎಂದು ಅದೇ ವರದಿ ಹೇಳುತ್ತದೆ. ಒಂದು ಡಿಗ್ರಿ ಎಂದರೆ ನಮಗೆ ನಗಣ್ಯವೆನಿಸಬಹುದು. ಆದರೆ ಮೀನುಗಾರರನ್ನು ಕೇಳಿ. ಚಂಡಮಾರುತ ಎಂದರೆ ಬಂಗಾಳಕೊಲ್ಲಿಯ ಕಾಯಿಲೆ, ನಮ್ಮ ಪಡುಗಡಲು ಶಾಂತ ಎಂಬ ನಂಬಿಕೆ ಅವರಲ್ಲಿತ್ತು. 2017ರ ಓಖಿ, 2019ರಲ್ಲಿ ಒಂದರ ಹಿಂದೆ ಒಂದರಂತೆ ಬಂದ ಕ್ಯಾರ್ ಮತ್ತು ಮಹಾ, 2021ರ ಮೇ ತಿಂಗಳ ತೌಕ್ತೆ ಆ ನಂಬಿಕೆಯನ್ನು ಮುರಿದವು.

ವಯನಾಡಿನ ದುರಂತದ ಬಳಿಕ ವಿವಿಧ ದೇಶಗಳ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿ, ಆ ದಿನದ ಮಳೆ ಭೂಮಿ ಬಿಸಿಯಾದ ಕಾರಣದಿಂದ ಸುಮಾರು ಶೇ. 10ರಷ್ಟು ಹೆಚ್ಚು ತೀವ್ರಗೊಂಡಿತ್ತು ಎಂದಿತು. ಗಮನಿಸಿ, ಇಡೀ ಮಳೆಗೆ ಹವಾಮಾನ ಬದಲಾವಣೆಯೇ ಕಾರಣ ಎಂದು ಅವರು ಹೇಳಲಿಲ್ಲ. ಹತ್ತರಲ್ಲಿ ಒಂದು ಪಾಲು ಎಂದರು. ಅಷ್ಟೇನಾ ಎಂದು ಕೇಳಬಹುದು. ಆದರೆ ತುಂಬಿದ ಕೊಡದಿಂದ ನೀರು ಚೆಲ್ಲಿಸಲು ಎಷ್ಟು ನೀರು ಬೇಕು?

ಮಳೆಯ ದಾಖಲೆಗಳು ಹೀಗೆ ಎರಡೂ ಕಡೆ ಸಾಕ್ಷಿ ನುಡಿಯುತ್ತವೆ. ಬಿಸಿಲಿನದ್ದು ಹಾಗಲ್ಲ. ಬೆಂಗಳೂರಿನ ಅತ್ಯಂತ ಚಳಿಯ ದಿನ ಯಾವುದು ಗೊತ್ತೇ? 1884ರ ಜನವರಿ 13. ಅಂದು ತಾಪಮಾನ 7.8 ಡಿಗ್ರಿಗಿಳಿದಿತ್ತು. ಇಂದಿಗೂ ಆ ದಾಖಲೆ ಮುರಿದಿಲ್ಲ. ಸೆಕೆಯ ದಾಖಲೆ? 1931ರಲ್ಲಿ 38.9 ಡಿಗ್ರಿ ಇತ್ತು. 2016ರ ಏಪ್ರಿಲ್ 24ರಂದು 39.2 ಡಿಗ್ರಿಯಾಗಿ ಅದು ಮುರಿಯಿತು. ದೇಶದ ಮಟ್ಟದಲ್ಲೂ ಅದೇ ಕತೆ. 1956ರಲ್ಲಿ ರಾಜಸ್ಥಾನದ ಅಲ್ವರ್‌ನಲ್ಲಿ ದಾಖಲಾದ 50.6 ಡಿಗ್ರಿಯನ್ನು 2016ರಲ್ಲಿ ಅದೇ ರಾಜ್ಯದ ಫಲೋಡಿ 51 ಡಿಗ್ರಿಯೊಂದಿಗೆ ಹಿಂದಿಕ್ಕಿತು. ಬೆಂಗಳೂರಿನ ವಿಷಯದಲ್ಲಿ ಕೆರೆ ಮುಚ್ಚಿ ಕಾಂಕ್ರೀಟು ಹಾಕಿದ್ದರ ಪಾಲೂ ಇದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಕಾಂಕ್ರೀಟು ಇಲ್ಲದ ಸಮುದ್ರವೂ ಬಿಸಿಯಾಗಿದೆ, ಹಿಮಾಲಯದ ನೀರ್ಗಲ್ಲುಗಳೂ ಕರಗುತ್ತಿವೆ. ಹವಾಮಾನ ಇಲಾಖೆಯ 1901ರಿಂದೀಚೆಗಿನ ಲೆಕ್ಕದಲ್ಲಿ, 2024ರವರೆಗಿನ ವರ್ಷಗಳ ಪೈಕಿ ಭಾರತ ಅತ್ಯಂತ ಬಿಸಿಯಾಗಿದ್ದದ್ದು 2024ರಲ್ಲಿ. ಹವಾಮಾನ ಸಹಜವಾಗಿ ಏರಿಳಿಯುತ್ತದೆ ಎಂಬುದಷ್ಟೇ ಕಾರಣವಾಗಿದ್ದರೆ ಏರಿದ ದಾಖಲೆಗಳಷ್ಟೇ ಇಳಿದ ದಾಖಲೆಗಳೂ ಇರಬೇಕಿತ್ತಲ್ಲವೇ?

ಇಷ್ಟಕ್ಕೂ ನಾವು ಇತಿಹಾಸವನ್ನು ಕೆದಕಿದ್ದು ಕೇವಲ ಡಿಗ್ರಿ ಮಿಲಿಮೀಟರ್‌ಗಳ ಲೆಕ್ಕಕ್ಕಾಗಿ ಅಲ್ಲ. ಹಳೆಯ ವಿಪತ್ತುಗಳು ಇನ್ನೊಂದು ಕತೆಯನ್ನೂ ಹೇಳುತ್ತವೆ. ನಮ್ಮ ದೃಷ್ಟಿಯಲ್ಲಿ ಅದೇ ಹೆಚ್ಚು ಮುಖ್ಯ.

1876ರಲ್ಲಿ ದಕ್ಷಿಣ ಭಾರತಕ್ಕೆ ಮುಂಗಾರು ಕೈಕೊಟ್ಟಿತು. ಧಾತು ಸಂವತ್ಸರದಲ್ಲಿ ಶುರುವಾಗಿ ಈಶ್ವರ ಸಂವತ್ಸರದಲ್ಲೂ ಮುಂದುವರಿದದ್ದರಿಂದ ನಮ್ಮವರು ಅದನ್ನು ಧಾತು ಈಶ್ವರ ಬರ ಎಂದರು. ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿ ಎಲ್ಲೆಡೆ ಹೊಲಗಳು ಒಣಗಿದವು. ಪೆಸಿಫಿಕ್ ಸಾಗರದಲ್ಲಿ ಎಲ್ ನಿನೋ ಎಂದು ಕರೆಯಲಾಗುವ ಬಿಸಿನೀರಿನ ವಿದ್ಯಮಾನವು 1877ರಲ್ಲಿ ಅಸಾಧಾರಣ ತೀವ್ರತೆಯಲ್ಲಿ ಕಾಣಿಸಿಕೊಂಡಿತ್ತು ಎಂದು ಇಂದು ನಮಗೆ ಗೊತ್ತು. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲೂ ಈಶಾನ್ಯ ಬ್ರೆಝಿಲ್‌ನಲ್ಲೂ ಬರ ತಾಂಡವವಾಡಿತು. ಇದು ಅಪ್ಪಟ ಪ್ರಾಕೃತಿಕ ವೈಪರೀತ್ಯ. ಮನುಷ್ಯ ಹೊರಬಿಟ್ಟ ಅನಿಲ ಇದಕ್ಕೆ ಕಾರಣವಲ್ಲ.

ಆದರೆ ಸಾವು? ಮೈಸೂರು ರಾಜ್ಯದ ಜನಸಂಖ್ಯೆ 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ ಅದು ಸುಮಾರು ನಲ್ವತ್ತೆರಡು ಲಕ್ಷ! ಬೆಳೆಯಬೇಕಿದ್ದ ಜನಸಂಖ್ಯೆ ಹತ್ತು ವರ್ಷಗಳಲ್ಲಿ ಹೀಗೆ ಕರಗಿತು. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1877ರ ಜನವರಿ 1ರಂದು ವೈಸರಾಯ್ ಲಾರ್ಡ್ ಲಿಟ್ಟನ್ ದಿಲ್ಲಿಯಲ್ಲಿ ಭವ್ಯ ದರ್ಬಾರು ನಡೆಸಿ, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದರು. ದಕ್ಷಿಣದಲ್ಲಿ ಜನರು ಬೀದಿಬದಿಯಲ್ಲಿ ಬಿದ್ದು ಸಾಯುತ್ತಿದ್ದರು. ಭಾರತದಿಂದ ಯುರೋಪಿಗೆ ಗೋಧಿಯ ರಫ್ತು ನಿಲ್ಲಲಿಲ್ಲ; ಮಾರುಕಟ್ಟೆಯಲ್ಲಿ ಕೈಹಾಕಬಾರದು ಎಂಬುದು ಸರಕಾರದ ಸಿದ್ಧಾಂತವಾಗಿತ್ತು.

ಇಲ್ಲಿ ಒಬ್ಬ ಅಧಿಕಾರಿಯ ಕತೆಯನ್ನು ಹೇಳದೆ ಮುಂದೆ ಹೋಗಲಾರೆವು. ಸರ್ ರಿಚರ್ಡ್ ಟೆಂಪಲ್ ಎಂದು ಹೆಸರು. 1873-74ರಲ್ಲಿ ಬಿಹಾರಕ್ಕೆ ಬರ ಬಂದಾಗ ಈತ ಬರ್ಮಾದಿಂದ ಲಕ್ಷಾಂತರ ಟನ್ ಅಕ್ಕಿ ತರಿಸಿ ಹಂಚಿದರು. ಹಸಿವಿನಿಂದ ಸತ್ತವರು ತೀರಾ ವಿರಳ. ಪ್ರಶಸ್ತಿ ಸಿಗಬೇಕಿತ್ತಲ್ಲವೇ? ಸಿಕ್ಕಿದ್ದು ಛೀಮಾರಿ. ದುಂದುವೆಚ್ಚ ಮಾಡಿದೆ ಎಂದು ಲಂಡನ್ನಿನವರು ಜರೆದರು. 1877ರಲ್ಲಿ ಅದೇ ಟೆಂಪಲ್‌ರನ್ನು ದಕ್ಷಿಣದ ಬರದ ಉಸ್ತುವಾರಿಗೆ ಕಳುಹಿಸಿದಾಗ ಅವರು ಪಾಠ ಕಲಿತಿದ್ದರು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ ಅರ್ಧ ಕಿಲೋಗಿಂತಲೂ ಕಡಿಮೆ, ಮತ್ತು ಒಂದಾಣೆ ಎಂದು ಗೊತ್ತುಪಡಿಸಿದರು. ಇಷ್ಟರಲ್ಲಿ ದುಡಿಯುವ ದೇಹ ಬದುಕಲಾರದು ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಪ್ರತಿಭಟಿಸಿದರು. ಆ ವೇಳೆಗೆ ಅದೆಷ್ಟೋ ಮಂದಿ ಸತ್ತಾಗಿತ್ತು.

ಅದೇ ಅಧಿಕಾರಿ. ಅದೇ ಆಡಳಿತ. ಎರಡು ಬರ. ಒಂದರಲ್ಲಿ ಜನ ಬದುಕಿದರು, ಇನ್ನೊಂದರಲ್ಲಿ ಸತ್ತರು. ಮುಂಗಾರು ಕೈಕೊಡುವುದು ಪ್ರಕೃತಿಯ ನಿರ್ಧಾರವಾದರೆ, ಯಾರು ಸಾಯಬೇಕೆಂಬುದು ಯಾರ ನಿರ್ಧಾರ?

ಇದನ್ನು 2023ಕ್ಕೆ ಹೋಲಿಸಿ. ಆ ವರ್ಷವೂ ಎಲ್ ನಿನೋ ಇತ್ತು. ಕರ್ನಾಟಕದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರಕಾರ ಘೋಷಿಸಿತು. ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ನೀರಿಗಾಗಿ ಜನರು ಕೊಡ ಹಿಡಿದು ಸಾಲು ನಿಂತರು. ರೈತರ ಸಂಕಟ ಅಪಾರವಾಗಿತ್ತು. ಆದರೆ ಬೀದಿಯಲ್ಲಿ ಹೆಣಗಳು ಬೀಳಲಿಲ್ಲ. ಯಾಕೆಂದರೆ ಪಡಿತರ ಅಂಗಡಿಯಲ್ಲಿ ಅಕ್ಕಿಯಿತ್ತು, ಉದ್ಯೋಗ ಖಾತರಿಯ ಕೂಲಿಯಿತ್ತು, ಲೋಪಗಳನ್ನು ಪ್ರಶ್ನಿಸುವ ಪತ್ರಿಕೆಗಳೂ ವಿರೋಧ ಪಕ್ಷಗಳೂ ಇದ್ದವು. ಪಡಿತರವನ್ನು ಬಿಟ್ಟಿ ಕೂಳು ಎಂದು ಹಂಗಿಸುವವರು ಒಮ್ಮೆ ಧಾತು ಈಶ್ವರದ ಲೆಕ್ಕ ತೆಗೆದು ನೋಡಲಿ.

ಒಡಿಶಾದ ಉದಾಹರಣೆ ಇನ್ನೂ ನಿಚ್ಚಳ. 1999ರ ಅಕ್ಟೋಬರಿನ ಚಂಡಮಾರುತಕ್ಕೆ ಅಲ್ಲಿ ಸುಮಾರು ಹತ್ತು ಸಾವಿರ ಮಂದಿ ಬಲಿಯಾದರು. 2013ರ ಅಕ್ಟೋಬರಿನಲ್ಲಿ ಫೈಲಿನ್ ಅಪ್ಪಳಿಸಿದಾಗ ಮುಂಚಿತವಾಗಿಯೇ ಹತ್ತು ಲಕ್ಷದಷ್ಟು ಜನರನ್ನು ಸ್ಥಳಾಂತರಿಸಲಾಯಿತು. ಸತ್ತವರ ಸಂಖ್ಯೆ ಐವತ್ತನ್ನೂ ದಾಟಲಿಲ್ಲ.

ಇನ್ನು, ನಮ್ಮಲ್ಲಿ ಅನೇಕರ ಮನೆಗಳನ್ನು ನೇರವಾಗಿ ತಟ್ಟಿದ ಒಂದು ಘಟನೆ. 2024ರ ಹಜ್ಜ್ ವೇಳೆ ಮಕ್ಕಾದ ಮಸ್ಜಿದುಲ್ ಹರಾಮ್‌ನಲ್ಲಿ ತಾಪಮಾನ 51.8 ಡಿಗ್ರಿಗೇರಿತು. 1,301 ಮಂದಿ ಮೃತಪಟ್ಟರೆಂದು ಸೌದಿ ಸರಕಾರವೇ ಪ್ರಕಟಿಸಿತು. ಅವರಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಮಂದಿ ಅಧಿಕೃತ ಪರವಾನಿಗೆ ಇಲ್ಲದೆ ಹೋಗಿದ್ದವರು. ಅಂದರೆ ಹವಾನಿಯಂತ್ರಿತ ಡೇರೆಯೂ ಬಸ್ಸೂ ದೊರೆಯದೆ ಸುಡುಬಿಸಿಲಲ್ಲಿ ನಡೆದವರು. ಬಿಸಿಲು ಎಲ್ಲರ ಮೇಲೂ ಒಂದೇ ರೀತಿ ಬಿದ್ದಿತ್ತು. ಅಗ್ಗದ ದರದ ಆಮಿಷವೊಡ್ಡಿ ಪರವಾನಿಗೆಯಿಲ್ಲದೆ ಜನರನ್ನು ಕರೆದೊಯ್ಯುವ ದಲ್ಲಾಳಿಗಳ ಕುರಿತು ನಮ್ಮ ಜಮಾಅತ್‌ಗಳು ಇನ್ನಾದರೂ ಗಟ್ಟಿಯಾಗಿ ಮಾತಾಡಬೇಡವೇ?

ಹೊಣೆ ಯಾರದು ಎಂಬ ಪ್ರಶ್ನೆಗೂ ಬರೋಣ. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇಂಗಾಲದ ಡೈಆಕ್ಸೈಡ್ ಇತ್ತು. 1958ರಲ್ಲಿ ಹವಾಯಿ ದ್ವೀಪದ ಬೆಟ್ಟವೊಂದರಲ್ಲಿ ನಿರಂತರ ಮಾಪನ ಶುರುವಾದಾಗ ಅದು 315ರಷ್ಟಿತ್ತು. 2024ರಲ್ಲಿ 420ನ್ನು ದಾಟಿತ್ತು. ಇಷ್ಟನ್ನು ತುಂಬಿಸಿದ್ದು ವಯನಾಡಿನ ತೋಟ ಕಾರ್ಮಿಕರಲ್ಲ. 2022ರಲ್ಲಿ ಪಾಕಿಸ್ತಾನದಲ್ಲಿ ನೆರೆಗೆ ಮೂರು ಕೋಟಿಗೂ ಹೆಚ್ಚು ಜನರು ಸಂತ್ರಸ್ತರಾದರು, 1,700ಕ್ಕೂ ಹೆಚ್ಚು ಮಂದಿ ಸತ್ತರು. ಜಗತ್ತಿನ ಹೊಗೆಯಲ್ಲಿ ಆ ದೇಶದ ಪಾಲು ಶೇಕಡಾ ಒಂದೂ ಇಲ್ಲ. ಚಾರಿತ್ರಿಕವಾಗಿ ಅತಿ ಹೆಚ್ಚು ಹೊಗೆಯುಗುಳಿದ ಅಮೆರಿಕವಾದರೋ 2015ರ ಪ್ಯಾರಿಸ್ ಒಪ್ಪಂದದಿಂದ ಹೊರನಡೆಯುವುದಾಗಿ ಒಂದಲ್ಲ ಎರಡು ಬಾರಿ ಸಾರಿತು, 2017ರಲ್ಲಿ ಮತ್ತು 2025ರಲ್ಲಿ. ಅಂದು ಲಂಡನ್ನಿನಲ್ಲಿ ಕುಳಿತವರಿಗೆ ದಕ್ಷಿಣದ ಹಸಿವು ಹೇಗೆ ದುಬಾರಿ ವೆಚ್ಚವಾಗಿ ಕಂಡಿತೋ, ಇಂದು ವಾಷಿಂಗ್ಟನ್ನಿನಲ್ಲಿ ಕುಳಿತವರಿಗೂ ಹಾಗೆಯೇ ಕಾಣುತ್ತಿದೆ.

ಆದರೆ ಅವರನ್ನು ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಮುಂಡಕ್ಕೈ ಪರಿಸರದಲ್ಲಿ 1984ರಲ್ಲೇ ಗುಡ್ಡ ಕುಸಿದು ಜನ ಸತ್ತಿದ್ದರು. 2019ರಲ್ಲಿ ಪಕ್ಕದ ಪುತ್ತುಮಲೆ ಕುಸಿದಿತ್ತು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ವರದಿ ಕೊಟ್ಟು ಘಟ್ಟದ ಸೂಕ್ಷ್ಮ ಪ್ರದೇಶಗಳಲ್ಲಿ ಕಲ್ಲುಕೋರೆಗಳಿಗೂ ಬೇಕಾಬಿಟ್ಟಿ ನಿರ್ಮಾಣಗಳಿಗೂ ಕಡಿವಾಣ ಹಾಕಬೇಕೆಂದಿತ್ತು. ಕೇರಳದಲ್ಲೂ ಕರ್ನಾಟಕದಲ್ಲೂ ಎಲ್ಲ ಪಕ್ಷಗಳು ಅದನ್ನು ವಿರೋಧಿಸುವುದರಲ್ಲಿ ಮಾತ್ರ ಒಂದಾದವು. ಗುಡ್ಡವನ್ನು ನೇರವಾಗಿ ಕಡಿದು ಹೆದ್ದಾರಿ ಮಾಡುವಾಗ, ನೀರು ಇಂಗುತ್ತಿದ್ದ ಗದ್ದೆಗೆ ಮಣ್ಣು ತುಂಬಿಸಿ ಸಭಾಭವನ ಕಟ್ಟುವಾಗ ನಾವೂ ಸುಮ್ಮನಿದ್ದೆವು. ಕೆಲವೊಮ್ಮೆ ಅದರ ಉದ್ಘಾಟನೆಗೂ ಹೋದೆವು.

ಈಗ ಆ ಹಿರಿಯರ ಮಾತಿಗೆ ಮರಳೋಣ. 'ಹಿಂದೆಯೂ ಬಂದಿತ್ತು' ಎಂಬುದನ್ನು ನಾವು ಸಮಾಧಾನವಾಗಿ ಬಳಸುತ್ತಿದ್ದೇವೆ. ಅದು ನಿಜವಾಗಿ ಎಚ್ಚರಿಕೆ. ಇಂದಿನಷ್ಟು ಬಿಸಿಯಾಗಿರದ ಸಮುದ್ರವೇ 1923ರಲ್ಲಿ ಅಷ್ಟು ನೀರು ತಂದಿತ್ತು ಎಂದಾದರೆ, ಅದೇ ಬಗೆಯ ಮಳೆಗಾಲ ಈ ಬಿಸಿ ಸಮುದ್ರದ ಮೇಲೆ ಬಂದರೆ ಎಷ್ಟು ತಂದೀತು? ಅಂದು ನದಿಯ ಅಕ್ಕಪಕ್ಕ ಗದ್ದೆಗಳಿದ್ದವು. ಇಂದು ಅಲ್ಲಿ ಮನೆ, ಮಳಿಗೆ, ಶಾಲೆಗಳಿವೆ.

ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತ್ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಅಳವಡಿಸಿದೆ. ಒಳ್ಳೆಯ ಕೆಲಸ. ಆದರೆ ಆ ಯಂತ್ರಗಳಿಗೆ 1974 ಗೊತ್ತಿಲ್ಲ. ಗೊತ್ತಿರುವುದು ನಮ್ಮ ಹಿರಿಯರಿಗೆ. ಅಂದು ಇಪ್ಪತ್ತರ ಹರೆಯದಲ್ಲಿದ್ದವರು ಇಂದು ಎಪ್ಪತ್ತು ದಾಟಿದ್ದಾರೆ. 1923ನ್ನು ಕಂಡವರ ಬಾಯಿಂದ ಕೇಳಿದವರೂ ಅವರೇ. ಆದ್ದರಿಂದ ಇಲ್ಲಿರುವ ಯುವಕರಲ್ಲಿ ನಮ್ಮದೊಂದು ವಿನಂತಿ. ಈ ಮಳೆಗಾಲಕ್ಕೆ ಮುಂಚೆ ನಿಮ್ಮ ನಿಮ್ಮ ಊರಿನ ಅಂತಹ ಹಿರಿಯರನ್ನು ಕರಕೊಂಡು ನದಿ ಬದಿಗೆ ಹೋಗಿ. ನೀರು ಎಲ್ಲಿವರೆಗೆ ಬಂದಿತ್ತೆಂದು ತೋರಿಸಲು ಹೇಳಿ. ಮಸೀದಿಯ ಗೋಡೆ, ದೇವಸ್ಥಾನದ ಕಟ್ಟೆ, ಶಾಲೆಯ ಕಂಬ, ಯಾವುದಾದರೂ ಆಗಲಿ, ಅಲ್ಲಿ ಬಣ್ಣದಲ್ಲಿ ಒಂದು ಗೆರೆ ಎಳೆದು ಇಸವಿ ಬರೆಯಿರಿ. ಆ ಗೆರೆಯ ಕೆಳಗೆ ಹೊಸ ಕಟ್ಟಡಕ್ಕೆ ಪರವಾನಿಗೆ ಕೊಡುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಲಿಖಿತವಾಗಿ ಕೇಳಿ. ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ.